ಬೇರೆ ಪ್ರಾಜೆಕ್ಟಿನ ಕೋಡ್ ತರುವ ಮುನ್ನ: ಓಪನ್ ಸೋರ್ಸ್ ಲೈಸೆನ್ಸ್ ಹೊಂದಾಣಿಕೆಯ ಸಮಗ್ರ ಮಾರ್ಗದರ್ಶಿ

ನಿಮ್ಮದೂ ಅವರದೂ ಎರಡೂ ಓಪನ್ ಸೋರ್ಸ್ ಪ್ರಾಜೆಕ್ಟುಗಳೇ, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ, ಬಳಸಿ, ಬದಲಿಸಿ ಹಂಚಬಹುದಾದಂಥವು. ಹಾಗಿದ್ದ ಮೇಲೆ ಒಂದರ ಕೋಡನ್ನು ಇನ್ನೊಂದಕ್ಕೆ ತಂದರೆ ತಪ್ಪೇನು, ಅಲ್ವಾ? ತಪ್ಪಾಗಬಹುದು. ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು ಭಾಗ, ಮುಕ್ತ ತಂತ್ರಾಂಶ. ಜೆಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಕೂಡ ಮುಕ್ತ ತಂತ್ರಾಂಶ. ಆದರೂ ಜೆಡ್‌ಎಫ್‌ಎಸ್ ಇವತ್ತಿಗೂ ಕರ್ನಲ್‌ನ ಮೂಲ ಕೋಡಿನ ಒಳಗೆ ಸೇರಿಲ್ಲ. ಲೈಸೆನ್ಸ್ ಎಂದರೆ ಕೋಡನ್ನು ಯಾವ ಷರತ್ತಿನಲ್ಲಿ ಬಳಸಿ ಹಂಚಬಹುದು ಎಂಬ ಅನುಮತಿ ಪತ್ರ. ಕರ್ನಲ್ ಇರುವುದು ಜಿಪಿಎಲ್ 2 ಎಂಬ ಲೈಸೆನ್ಸಿನಲ್ಲಿ, ಜೆಡ್‌ಎಫ್‌ಎಸ್ ಇರುವುದು ಸಿಡಿಡಿಎಲ್ ಎಂಬ ಇನ್ನೊಂದರಲ್ಲಿ. ತನ್ನ ಕೋಡ್ ತನ್ನ ಷರತ್ತಿನಲ್ಲೇ ಉಳಿಯಬೇಕು ಎಂದು ಎರಡೂ ಹಟ ಹಿಡಿಯುತ್ತವೆ. 2016ರಲ್ಲಿ ಲಿನಕ್ಸ್‌ನ ಒಂದು ರೂಪವಾದ ಉಬುಂಟು 16.04ರ ಜೊತೆ ಜೆಡ್‌ಎಫ್‌ಎಸ್ ಮಾಡ್ಯೂಲ್ ಬಂದಾಗ, ಇದರಲ್ಲಿ ತೊಂದರೆಯಿಲ್ಲ ಎಂದು ಉಬುಂಟು ತಯಾರಿಸುವ ಕ್ಯಾನೋನಿಕಲ್ ಕಂಪನಿ ವಾದಿಸಿತು. ಇದು ಜಿಪಿಎಲ್ ಉಲ್ಲಂಘನೆ ಎಂದು ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಸಂಸ್ಥೆ ಹೇಳಿತು.

ಹೊಂದಾಣಿಕೆ ಎಂದರೆ ಒಂದೇ ಪ್ರಶ್ನೆ. ಎರಡೂ ಲೈಸೆನ್ಸುಗಳ ಎಲ್ಲ ಷರತ್ತುಗಳನ್ನೂ ಒಟ್ಟಿಗೆ ಪಾಲಿಸಿ, ಸೇರಿಸಿದ ಕೋಡನ್ನು ಹಂಚಲು ಆಗುತ್ತದಾ? ಆಗುತ್ತದೆ ಎಂದಾದರೆ ಹೊಂದುತ್ತವೆ. ಒಂದನ್ನು ಪಾಲಿಸಿದರೆ ಇನ್ನೊಂದು ಮುರಿಯುತ್ತದೆ ಎಂದಾದರೆ ಹೊಂದುವುದಿಲ್ಲ. ಈ ಹೊಂದಾಣಿಕೆಗೆ ದಿಕ್ಕೂ ಇದೆ. ಎಂಐಟಿ ಎಂಬ ಕಡಿಮೆ ಷರತ್ತಿನ ಲೈಸೆನ್ಸಿನ ಕೋಡ್ ಜಿಪಿಎಲ್ ಪ್ರಾಜೆಕ್ಟಿಗೆ ಆರಾಮಾಗಿ ಹೋಗುತ್ತದೆ. ಜಿಪಿಎಲ್ ಕೋಡ್ ಎಂಐಟಿ ಪ್ರಾಜೆಕ್ಟಿಗೆ ಬಂದು, ಆ ಪ್ರಾಜೆಕ್ಟ್ ಎಂಐಟಿಯಾಗಿಯೇ ಉಳಿಯುವುದು ಸಾಧ್ಯವಿಲ್ಲ. ಹಾಗಾಗಿ 'ಇವೆರಡು ಹೊಂದುತ್ತವಾ' ಎಂದು ಕೇಳಬೇಡಿ. 'ಇದು ಅದರೊಳಗೆ ಹೋಗಬಹುದಾ' ಎಂದು ಕೇಳಿ.

ಷರತ್ತು ಮುರಿದರೆ ಏನಾಗುತ್ತದೆ? 2008ರಲ್ಲಿ ಜೇಕಬ್ಸನ್ ಮತ್ತು ಕ್ಯಾಟ್ಜರ್ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಇದಕ್ಕೆ ಉತ್ತರ ಕೊಟ್ಟಿತು. ಇಂಥ ಲೈಸೆನ್ಸಿನ ಷರತ್ತುಗಳು ಬರೀ ಒಪ್ಪಂದದ ಮಾತಲ್ಲ, ಅವನ್ನು ಮುರಿದರೆ ಕಾಪಿರೈಟ್ ಉಲ್ಲಂಘನೆಯೇ ಆಗಬಹುದು ಎಂದಿತು. ದೊಡ್ಡ ದುಡ್ಡು ಅಥವಾ ಕಂಪನಿಯ ಉತ್ಪನ್ನ ಪಣಕ್ಕಿದ್ದರೆ ವಕೀಲರನ್ನು ಕೇಳಿ. ದಿನನಿತ್ಯದ ಕೆಲಸಕ್ಕೆ ಈ ಹಂತಗಳು ಸಾಕು.

ಹಂತ 1: ಏನು ತರುತ್ತಿದ್ದೀರಿ ಎಂದು ಖಚಿತ ಮಾಡಿಕೊಳ್ಳಿ

ಒಂದು ಫಂಕ್ಷನ್ನಾ, ಇಡೀ ಫೈಲಾ, ಲೈಬ್ರರಿಯಾ? ಕಾಪಿರೈಟ್ ಇರುವುದು ಬರೆದ ರೂಪಕ್ಕೆ, ಅದರ ಹಿಂದಿನ ಯೋಚನೆಗಲ್ಲ. ಒಂದು ಆಲ್ಗಾರಿದಮ್ ಓದಿ, ಅರ್ಥ ಮಾಡಿಕೊಂಡು, ನಿಮ್ಮದೇ ರೀತಿಯಲ್ಲಿ ಬರೆದರೆ ಕಾಪಿರೈಟ್ ಅಡ್ಡ ಬರುವುದಿಲ್ಲ. ಪೇಟೆಂಟ್ ಮಾತು ಬೇರೆ. ಆದರೆ ವೇರಿಯಬಲ್ ಹೆಸರು ಬದಲಿಸಿದ ಮಾತ್ರಕ್ಕೆ ಕೋಡ್ ನಿಮ್ಮದಾಗುವುದಿಲ್ಲ. ಪೈಥಾನ್‌ನಲ್ಲಿದ್ದುದನ್ನು ಸಾಲು ಸಾಲಾಗಿ ರಸ್ಟ್ ಭಾಷೆಗೆ ಇಳಿಸಿದರೂ ಅಷ್ಟೇ, ಮೂಲದ ಲೈಸೆನ್ಸ್ ಜೊತೆಗೇ ಬರುತ್ತದೆ. 'ಹತ್ತು ಸಾಲಿನ ತನಕ ಪರವಾಗಿಲ್ಲ' ಎಂಬ ಮಾತು ಆಗಾಗ ಕೇಳಿಬರುತ್ತದೆ. ಅಂಥ ಸಾಮಾನ್ಯ ನಿಯಮ ಯಾವುದೂ ಇಲ್ಲ.

ಕೋಡ್ ಅಲ್ಲದ್ದನ್ನೂ ಗಮನಿಸಿ. ಐಕಾನ್, ಫಾಂಟ್, ಟೆಸ್ಟ್ ಡೇಟಾ, ದಾಖಲೆ ಬರಹ ಇವಕ್ಕೆಲ್ಲ ಬೇರೆಯೇ ಲೈಸೆನ್ಸ್ ಇರುವುದು ಮಾಮೂಲು.

ಪ್ರೋಗ್ರಾಮಿಂಗ್ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಿಂದ ನಕಲು ಮಾಡಿದ ತುಣುಕಿಗೂ ಲೈಸೆನ್ಸ್ ಇದೆ, ಅದು ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ (ಮೂಲ ಲೇಖಕರ ಹೆಸರು ಹೇಳಿ, ಅದೇ ಲೈಸೆನ್ಸಿನಲ್ಲಿ ಹಂಚಿ). ಯಾವ ಆವೃತ್ತಿ ಎನ್ನುವುದು ಉತ್ತರ ಬರೆದ ದಿನದ ಮೇಲೆ ನಿಂತಿದೆ. 2018ರ ಮೇ ನಂತರದ್ದು 4.0, ಅದಕ್ಕೂ ಹಳೆಯದು 3.0 ಅಥವಾ 2.5. ಇದು ಬರೀ ಲೆಕ್ಕದ ಮಾತಲ್ಲ. 4.0 ಜಿಪಿಎಲ್ 3ರ ಒಳಗೆ ಹೋಗಬಹುದು ಎಂದು 2015ರಲ್ಲಿ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ ಅಧಿಕೃತವಾಗಿ ಘೋಷಿಸಿದೆ. ಹಳೆಯ ಆವೃತ್ತಿಗಳಿಗೆ ಆ ದಾರಿ ಇಲ್ಲ.

ಹಂತ 2: ಅದರ ನಿಜವಾದ ಲೈಸೆನ್ಸ್ ಹುಡುಕಿ

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದ ಜಾಗ ಇದು. ಜನ ಹೊಂದಾಣಿಕೆಯ ಚಾರ್ಟ್ ಮುಂದೆ ಕೂತು ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಎಡವುವುದು ಚಾರ್ಟ್‌ನಲ್ಲಿ ಅಲ್ಲ. ಕೈಯಲ್ಲಿರುವ ಕೋಡಿಗೆ ಯಾವ ಲೈಸೆನ್ಸ್ ಎಂದು ಸರಿಯಾಗಿ ನೋಡದೇ ಇರುವಲ್ಲಿ.

ಕೋಡ್ ಹಂಚುವ ತಾಣ ಗಿಟ್‌ಹಬ್‌ನ ಪುಟದ ಪಕ್ಕದಲ್ಲಿ ಕಾಣುವ ಲೈಸೆನ್ಸ್ ಹೆಸರು ಬರೀ ಊಹೆ. ಮೂಲ ಫೋಲ್ಡರ್‌ನಲ್ಲಿರುವ ಲೈಸೆನ್ಸ್ ಫೈಲನ್ನು ಒಂದು ಪ್ರೋಗ್ರಾಂ ಓದಿ ಆ ಹೆಸರು ಹಾಕುತ್ತದೆ. ನಿಮಗೆ ಬೇಕಾದ ಫೈಲನ್ನೇ ತೆರೆದು ತಲೆಭಾಗದ ಕಾಮೆಂಟ್ ಓದಿ. ಅಲ್ಲಿ ಬೇರೆ ಲೈಸೆನ್ಸ್ ಇದ್ದರೆ ಆ ಫೈಲಿಗೆ ಅದನ್ನೇ ನಂಬಿ. ಎರಡೂ ತಾಳೆಯಾಗದಿದ್ದರೆ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್ ಹತ್ತಿರ ಕೇಳಿ. 'ವೆಂಡರ್', 'ಥರ್ಡ್ ಪಾರ್ಟಿ', 'ಕಾಂಟ್ರಿಬ್' ಎಂಬ ಹೆಸರಿನ ಫೋಲ್ಡರ್‌ಗಳಲ್ಲಿ ಹೆಚ್ಚು ಎಚ್ಚರ ಬೇಕು. ಅಲ್ಲಿರುವುದು ಹೆಚ್ಚಾಗಿ ಆ ಪ್ರಾಜೆಕ್ಟಿನವರ ಕೋಡೇ ಅಲ್ಲ. ಡೆಬಿಯನ್ ಎಂಬ ಲಿನಕ್ಸ್ ರೂಪದಲ್ಲಿ ಆ ಪ್ಯಾಕೇಜ್ ಇದ್ದರೆ ಅದರ ಕಾಪಿರೈಟ್ ಫೈಲ್ ನೋಡಿ. ಯಾರೋ ಒಬ್ಬರು ಕೂತು ಫೈಲ್‌ಗಳ ಲೈಸೆನ್ಸುಗಳನ್ನು ಆಗಲೇ ಪಟ್ಟಿ ಮಾಡಿರುತ್ತಾರೆ. ಪುಕ್ಕಟೆ ಸಿಗುವ ಈ ಸಹಾಯವನ್ನು ಬಹಳ ಜನ ಬಳಸುವುದೇ ಇಲ್ಲ.

ಲೈಸೆನ್ಸೇ ಇಲ್ಲದಿದ್ದರೆ? ಆಗ ಎಲ್ಲ ಹಕ್ಕೂ ಬರೆದವರದ್ದೇ. ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆ ಎಂದ ಮಾತ್ರಕ್ಕೆ ಎತ್ತಿಕೊಂಡು ಹೋಗಲು ಅನುಮತಿ ಸಿಕ್ಕಂತಲ್ಲ. ಗಿಟ್‌ಹಬ್‌ನ ನಿಯಮಗಳು ನೋಡಲು ಮತ್ತು ಆ ತಾಣದೊಳಗೇ ಫೋರ್ಕ್ (ಸ್ವಂತ ಪ್ರತಿ) ಮಾಡಲು ಬಿಡುತ್ತವೆ, ಅಷ್ಟೇ.

ಜಿಪಿಎಲ್ ಕುಟುಂಬದ ಕೋಡ್ ಆಗಿದ್ದರೆ ಇನ್ನೊಂದು ಪ್ರಶ್ನೆ ಕಡ್ಡಾಯ. 'ಈ ಆವೃತ್ತಿ ಮಾತ್ರ' ಎಂದಿದೆಯಾ, 'ಇದು ಅಥವಾ ಇದರ ನಂತರದ ಯಾವುದಾದರೂ' ಎಂದಿದೆಯಾ? ಜಿಪಿಎಲ್ 2ರ ಪಠ್ಯ ರೆಪೊದಲ್ಲಿ (ಕೋಡ್ ಭಂಡಾರದಲ್ಲಿ) ಇದೆ ಎನ್ನುವುದರಿಂದ ಇದು ತಿಳಿಯುವುದಿಲ್ಲ. ಫೈಲಿನ ಹೆಡರ್ (ತಲೆಭಾಗದ ಕಾಮೆಂಟ್) ಅಥವಾ ರೀಡ್‌ಮಿ ನೋಡಬೇಕು. ಈ ಒಂದು ಸಾಲಿನ ಮೇಲೆ ಮುಂದಿನ ಅರ್ಧ ನಿರ್ಧಾರ ನಿಲ್ಲುತ್ತದೆ.

ಹಾಗೆಯೇ ಎರಡು ಲೈಸೆನ್ಸ್ ಕಂಡರೆ ನಡುವೆ ಇರುವುದು 'ಅಥವಾ'ನಾ 'ಮತ್ತು'ನಾ ನೋಡಿ. ರಸ್ಟ್ ಲೋಕದಲ್ಲಿ ಬಹಳಷ್ಟು ಲೈಬ್ರರಿಗಳು 'ಎಂಐಟಿ ಅಥವಾ ಅಪಾಚೆ 2.0'. ನಿಮಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳಬಹುದು. 'ಮತ್ತು' ಇದ್ದರೆ ಎರಡನ್ನೂ ಪಾಲಿಸಲೇಬೇಕು.

ಇನ್ನು ಇತಿಹಾಸ. ಪ್ರಾಜೆಕ್ಟುಗಳು ಲೈಸೆನ್ಸ್ ಬದಲಿಸುತ್ತವೆ. ಸರ್ವರ್ ವ್ಯವಸ್ಥೆ ಕಟ್ಟಲು ಬಳಸುವ, ಹಾಶಿಕಾರ್ಪ್ ಕಂಪನಿಯ ಸಾಧನ ಟೆರಾಫಾರ್ಮ್ 2023ರ ಆಗಸ್ಟ್ ತನಕ ಎಂಪಿಎಲ್ 2.0ರಲ್ಲಿತ್ತು (ಮೊಜಿಲ್ಲಾ ಲೈಸೆನ್ಸ್). ಆಮೇಲೆ ಬಿಸಿನೆಸ್ ಸೋರ್ಸ್ ಲೈಸೆನ್ಸಿಗೆ ಹೋಯಿತು, ಅದು ಓಪನ್ ಸೋರ್ಸ್ ಅಲ್ಲ. ಆದರೆ ಹಳೆಯ ಆವೃತ್ತಿಗೆ ಕೊಟ್ಟ ಅನುಮತಿ ಉಳಿದುಕೊಳ್ಳುತ್ತದೆ. ಅದನ್ನೇ ಹಿಡಿದು ಹುಟ್ಟಿದ್ದು ಓಪನ್‌ಟೋಫು ಎಂಬ ಪ್ರತ್ಯೇಕ ಪ್ರಾಜೆಕ್ಟ್. 2024ರ ಏಪ್ರಿಲ್‌ನಲ್ಲಿ, ಹೊಸ ಲೈಸೆನ್ಸಿನ ಕೋಡನ್ನು ನಕಲು ಮಾಡಿದ್ದೀರಿ ಎಂದು ಹಾಶಿಕಾರ್ಪ್ ಕಂಪನಿ ಓಪನ್‌ಟೋಫು ತಂಡಕ್ಕೆ ನೋಟಿಸ್ ಕಳಿಸಿತು. ಓಪನ್‌ಟೋಫು ತಂಡ ಸಾಲು ಸಾಲಾಗಿ ಕೋಡಿನ ಮೂಲ ಬಿಡಿಸಿಟ್ಟಿತು. ತಾವು ಬಳಸಿದ್ದು ಹಳೆಯ ಎಂಪಿಎಲ್ ಕೋಡನ್ನೇ ಎಂದು ವಾದಿಸಿತು. ಯಾವ ಕಮಿಟ್‌ನಿಂದ (ದಾಖಲಾದ ಬದಲಾವಣೆಯಿಂದ) ತಂದೆವು ಎಂದು ಬರೆದಿಡುವುದು ಏಕೆ ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನೀವು ತರುವ ಫೈಲಿನ ಮೇಲೂ ಬದಲಾವಣೆಗಳ ಇತಿಹಾಸ ತೋರಿಸುವ 'ಗಿಟ್ ಲಾಗ್' ಓಡಿಸಿ, ಹೆಸರು ಬದಲಾದರೂ ಹಿಂಬಾಲಿಸುವ ಆಯ್ಕೆ ಹಾಕಿ. ಆ ಫೈಲ್ ಅವರಿಗೇ ಬೇರೆ ಕಡೆಯಿಂದ ಬಂದಿರಬಹುದು.

ಕೊನೆಗೆ, ಲೈಸೆನ್ಸ್ ಪಠ್ಯದಲ್ಲಿ ಯಾರಾದರೂ ಸ್ವಂತ ಸಾಲು ಸೇರಿಸಿದ್ದಾರಾ ನೋಡಿ. ಜೇಸನ್ (JSON) ಲೈಸೆನ್ಸ್ ಎಂಬುದು ಹೆಚ್ಚುಕಡಿಮೆ ಎಂಐಟಿಯೇ. ಆದರೆ ತಂತ್ರಾಂಶವನ್ನು ಒಳ್ಳೆಯದಕ್ಕೆ ಬಳಸಬೇಕು, ಕೆಟ್ಟದ್ದಕ್ಕೆ ಬಳಸಬಾರದು ಎಂಬ ಒಂದು ಸಾಲು ಅದರಲ್ಲಿ ಹೆಚ್ಚಿಗೆ ಇದೆ. ತಮಾಷೆಯಂತೆ ಕಾಣುತ್ತದೆ. ಆ ಒಂದು ಸಾಲಿಗಾಗಿ, ಜಿಪಿಎಲ್ ರೂಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಅದನ್ನು ಮುಕ್ತ ಲೈಸೆನ್ಸ್ ಅಲ್ಲ ಎಂದಿತು. ಅಪಾಚೆ ಫೌಂಡೇಶನ್ 2016ರಲ್ಲಿ ಅದನ್ನು ತನ್ನ ನಿಷೇಧ ಪಟ್ಟಿಗೆ ಸೇರಿಸಿತು.

ಹಂತ 3: ನಿಮ್ಮ ಪ್ರಾಜೆಕ್ಟನ್ನೇ ನೋಡಿಕೊಳ್ಳಿ

ನೀವು ಯಾವ ಲೈಸೆನ್ಸಿನಲ್ಲಿ ಹೊರಗೆ ಕೊಡುತ್ತೀರಿ? ಒಳಗೆ ಆಗಲೇ ಯಾವ ಯಾವ ಲೈಸೆನ್ಸಿನ ಕೋಡ್ ಇದೆ? ಹೊಸ ಕೋಡ್ ನಿಮ್ಮ ಲೈಸೆನ್ಸಿಗೆ ಹೊಂದಿದರೆ ಸಾಲದು, ಒಳಗಿರುವ ಎಲ್ಲದಕ್ಕೂ ಹೊಂದಬೇಕು. ನಿಮ್ಮದು ಎಂಐಟಿ ಇರಬಹುದು. ಅದರೊಳಗೆ ಒಂದು ಅಪಾಚೆ 2.0 ಫೈಲ್ ಇದ್ದು, ಈಗ ಒಂದು 'ಜಿಪಿಎಲ್ 2 ಮಾತ್ರ' ಫೈಲ್ ತಂದರೆ, ಜಗಳ ಆ ಎರಡು ಫೈಲುಗಳ ನಡುವೆ.

ಇಲ್ಲಿ ಒಂದು ಗೊಂದಲ ಬಹಳ ಸಾಮಾನ್ಯ. ಎಂಐಟಿ ಪ್ರಾಜೆಕ್ಟಿಗೆ ಜಿಪಿಎಲ್ ಕೋಡ್ ತರುವುದು ಕಾನೂನಿನ ಪ್ರಕಾರ ನಿಷಿದ್ಧ ಅಲ್ಲ. ತಂದ ಮೇಲೆ ಒಟ್ಟು ಪ್ರೋಗ್ರಾಂ ಅನ್ನು ಜಿಪಿಎಲ್ ಷರತ್ತಿನಲ್ಲಿ ಹಂಚಬೇಕು, ಅಷ್ಟೇ. ಆದರೆ ನಿಮ್ಮ ಲೈಬ್ರರಿಯನ್ನು ಎಂಐಟಿ ಎಂದು ನಂಬಿ ಮುಚ್ಚಿದ ಉತ್ಪನ್ನದಲ್ಲಿ ಬಳಸುತ್ತಿರುವವರಿಗೆ ಇದು ದೊಡ್ಡ ಪೆಟ್ಟು. ಸಣ್ಣ ಪ್ಯಾಚ್ ಬಿಡುಗಡೆಯಲ್ಲಿ ಸುಮ್ನೆ ಇಂಥದ್ದನ್ನು ತುರುಕಬೇಡಿ. ಮೊದಲೇ ತಿಳಿಸಿ, ದೊಡ್ಡ ಆವೃತ್ತಿ ಸಂಖ್ಯೆ ಬದಲಿಸಿ.

ನೀವು ಹಂಚುತ್ತೀರಾ ಇಲ್ಲವಾ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಜಿಪಿಎಲ್‌ನ ಮೂಲ ಕೋಡ್ ಕೊಡುವ ಷರತ್ತು ಹಂಚಿದಾಗ ಮಾತ್ರ ಬರುತ್ತದೆ. ನಿಮ್ಮ ಸರ್ವರ್‌ನಲ್ಲೇ ಓಡಿಸಿಕೊಂಡರೆ ಬರುವುದಿಲ್ಲ. ಎಜಿಪಿಎಲ್ 3 ಇರುವುದೇ ಆ ಕಿಂಡಿ ಮುಚ್ಚಲು. ಕೋಡ್ ಬದಲಿಸಿ ನೆಟ್‌ವರ್ಕ್ ಮೂಲಕ ಸೇವೆ ಕೊಟ್ಟರೂ ಬಳಕೆದಾರರಿಗೆ ಮೂಲ ಕೋಡ್ ಸಿಗಬೇಕು.

ಹಂತ 4: ದಿಕ್ಕು ನೋಡಿ

ಸ್ಥೂಲವಾಗಿ ಒಂದು ಸಾಲು ನೆನಪಿಡಿ. ಸಿಸಿ0, ಶೂನ್ಯ ಷರತ್ತಿನ ಬಿಎಸ್‌ಡಿ ಇಂಥವು ಅತಿ ಹಗುರ, ಅಂದರೆ ಷರತ್ತು ಅತಿ ಕಡಿಮೆ. ಆಮೇಲೆ ಎಂಐಟಿ, ಐಎಸ್‌ಸಿ, ಎರಡು ಮತ್ತು ಮೂರು ಷರತ್ತಿನ ಬಿಎಸ್‌ಡಿ. ಆಮೇಲೆ ಅಪಾಚೆ 2.0. ಆಮೇಲೆ ಎಂಪಿಎಲ್ 2.0 ಮತ್ತು ಎಲ್‌ಜಿಪಿಎಲ್ (ಜಿಪಿಎಲ್‌ನ ಸಡಿಲ ರೂಪ). ಆಮೇಲೆ ಜಿಪಿಎಲ್, ಕೊನೆಗೆ ಎಜಿಪಿಎಲ್. ಕೋಡ್ ಹಗುರದಿಂದ ಭಾರದ ಕಡೆ ಹೋಗಬಹುದು. ಭಾರದಿಂದ ಹಗುರಕ್ಕೆ ಬರಲಾರದು. ಈ ಸಾಲು ಬಹುತೇಕ ಕೆಲಸ ಮಾಡುತ್ತದೆ. ಕೈಕೊಡುವ ಜಾಗಗಳು ಇವು.

ಅಪಾಚೆ 2.0ರಿಂದ 'ಜಿಪಿಎಲ್ 2 ಮಾತ್ರ' ಕಡೆಗೆ ದಾರಿ ಇಲ್ಲ. 2004ರ ಅಪಾಚೆ 2.0ರಲ್ಲಿ ಪೇಟೆಂಟ್ ಷರತ್ತಿದೆ. ಈ ಕೋಡ್ ನನ್ನ ಪೇಟೆಂಟ್ ಉಲ್ಲಂಘಿಸುತ್ತದೆ ಎಂದು ನೀವು ದಾವೆ ಹೂಡಿದರೆ, ಅದರ ಅಡಿ ನಿಮಗೆ ಸಿಕ್ಕ ಪೇಟೆಂಟ್ ಅನುಮತಿ ರದ್ದಾಗುತ್ತದೆ. 1991ರ ಜಿಪಿಎಲ್ 2 ತನ್ನಲ್ಲಿ ಇಲ್ಲದ ಯಾವ ಹೆಚ್ಚಿನ ನಿರ್ಬಂಧವನ್ನೂ ಒಪ್ಪುವುದಿಲ್ಲ. 2007ರ ಜಿಪಿಎಲ್ 3 ಬರೆಯುವಾಗ ಇದನ್ನು ಸರಿಪಡಿಸಿದರು. ಹಾಗಾಗಿ ಅಪಾಚೆ ಕೋಡ್ ಜಿಪಿಎಲ್ 3ಕ್ಕೆ ಹೋಗುತ್ತದೆ. ನಿಮ್ಮದು 'ಜಿಪಿಎಲ್ 2 ಅಥವಾ ನಂತರದ್ದು' ಆಗಿದ್ದರೆ 3ನ್ನು ಆರಿಸಿಕೊಂಡು ಸೇರಿಸಬಹುದು. ಆದರೆ ಅಲ್ಲಿಂದ ಮುಂದೆ ಸೇರಿಸಿದ ಪ್ರೋಗ್ರಾಂ 3ರ ಅಡಿಯಲ್ಲೇ ಹೋಗಬೇಕು. ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಪ್ರಾಜೆಕ್ಟಿನವರು ಅಪಾಚೆ 2.0ಕ್ಕೆ ಹೋಗುವಾಗ ಜಿಪಿಎಲ್ 2ರ ಜೊತೆ ಸೇರಿಸುವವರಿಗಾಗಿಯೇ ಒಂದು ವಿನಾಯಿತಿ ಬರೆದರು. ಕೊನೆಯಲ್ಲಿ 'ವಿನಾಯಿತಿಯೊಂದಿಗೆ' ಎಂದಿದ್ದರೆ ಆ ವಿನಾಯಿತಿಯನ್ನೂ ಓದಿ, ಬಿಡಬೇಡಿ.

'ಜಿಪಿಎಲ್ 2 ಮಾತ್ರ' ಮತ್ತು ಜಿಪಿಎಲ್ 3. ಒಂದೇ ಮನೆಯವು, ಆದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಎರಡೂ ಇಡೀ ಪ್ರೋಗ್ರಾಂ ತನ್ನ ಆವೃತ್ತಿಯಲ್ಲೇ ಇರಬೇಕು ಎನ್ನುತ್ತವೆ. ನಕ್ಷೆ ಬರೆಯುವ ತಂತ್ರಾಂಶ ಲಿಬ್ರೆಕ್ಯಾಡ್‌ಗೆ ಅದರ ಮೂಲವಾದ ಕ್ಯೂಕ್ಯಾಡ್‌ನಿಂದ ಬಂದ ಕೋಡ್ ಜಿಪಿಎಲ್ 2ರಲ್ಲಿದೆ. ಡಿಡಬ್ಲ್ಯುಜಿ ಎಂಬ ನಕ್ಷೆ ಫೈಲ್ ಓದುವ ಗ್ನು ಲೈಬ್ರರಿ ಲಿಬ್ರೆಡಿಡಬ್ಲ್ಯುಜಿ ಜಿಪಿಎಲ್ 3ರಲ್ಲಿದೆ. ಬೇಕಾದವರಿಗೆ ಬೇಕಾದ ಕೋಡ್ ಕಣ್ಣೆದುರೇ ಇದ್ದರೂ ಸೇರಿಸಲು ಆಗಲಿಲ್ಲ. ನನ್ನನ್ನು ಕೇಳಿದರೆ, ಹೊಸ ಪ್ರಾಜೆಕ್ಟಿಗೆ ಬಲವಾದ ಕಾರಣ ಇಲ್ಲದೆ 'ಮಾತ್ರ' ಹಾಕುವುದು ಮುಂದಿನವರಿಗೆ ಬೇಲಿ ಕಟ್ಟಿದಂತೆ.

ಎಲ್‌ಜಿಪಿಎಲ್ 2.1 ಇಲ್ಲಿ ಉದಾರಿ. ಅದರ ಮೂರನೇ ಕಲಂ ಪ್ರಕಾರ ಆ ಕೋಡನ್ನು ಜಿಪಿಎಲ್ 2ಕ್ಕೆ ಅಥವಾ ನಂತರದ ಯಾವುದೇ ಜಿಪಿಎಲ್‌ಗೆ ಬದಲಿಸಿಕೊಳ್ಳಬಹುದು. ಬದಲಿಸಿದ ಆ ಪ್ರತಿಯನ್ನು ವಾಪಸ್ ಎಲ್‌ಜಿಪಿಎಲ್ ಮಾಡಲು ಆಗುವುದಿಲ್ಲ.

ಎಂಪಿಎಲ್ 2.0 (2012) ಫೈಲ್ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಎಂಪಿಎಲ್ ಫೈಲ್ ಬದಲಿಸಿದರೆ ಆ ಫೈಲಿನ ಮೂಲ ಕೊಡಬೇಕು. ಪಕ್ಕದ ಫೈಲ್ ಯಾವ ಲೈಸೆನ್ಸಿನಲ್ಲಾದರೂ ಇರಲಿ. ಜಿಪಿಎಲ್ ಜೊತೆ ಸೇರಲು ಈ ಲೈಸೆನ್ಸೇ ಬಾಗಿಲು ತೆರೆದಿಟ್ಟಿದೆ, ಲೇಖಕರು ಆ ಬಾಗಿಲು ಮುಚ್ಚುವ ಸೂಚನೆ ಹಾಕದಿದ್ದರೆ. ಎಕ್ಲಿಪ್ಸ್ ಲೈಸೆನ್ಸ್ 2.0 ಇದಕ್ಕೆ ತಿರುಗುಮುರುಗು. ಲೇಖಕರು ಜಿಪಿಎಲ್ ಅನ್ನು ಹೆಸರಿಸಿ ಅನುಮತಿಸಿದ್ದರೆ ಮಾತ್ರ ಹೋಗಬಹುದು.

ನಾಲ್ಕು ಷರತ್ತಿನ ಹಳೆಯ ಬಿಎಸ್‌ಡಿ ಈಗಲೂ ಹಳೆಯ ಫೈಲುಗಳಲ್ಲಿ ಸಿಗುತ್ತದೆ. ಜಾಹೀರಾತಿನಲ್ಲಿ ನಮ್ಮ ಹೆಸರು ಹಾಕಬೇಕು ಎಂಬ ಷರತ್ತು ಅದರಲ್ಲಿದೆ, ಅದು ಜಿಪಿಎಲ್‌ಗೆ ಹೊಂದುವುದಿಲ್ಲ. ಬರ್ಕ್ಲಿ ವಿಶ್ವವಿದ್ಯಾಲಯ ತನ್ನ ಕೋಡಿನಿಂದ ಅದನ್ನು 1999ರಲ್ಲಿ ಕೈಬಿಟ್ಟಿತು. ಬೇರೆಯವರು ಹಾಕಿದ್ದು ಹಾಗೇ ಉಳಿದಿದೆ. ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನ ಹಳೆಯ ಲೈಸೆನ್ಸಿನಲ್ಲೂ ಇದೇ ತೊಡಕಿತ್ತು. 2021ರ 3.0 ಆವೃತ್ತಿಯಿಂದ ಅದು ಅಪಾಚೆ 2.0. ಎಷ್ಟೋ ಜಿಪಿಎಲ್ ಪ್ರಾಜೆಕ್ಟುಗಳಲ್ಲಿ 'ಓಪನ್‌ಎಸ್‌ಎಸ್‌ಎಲ್ ವಿನಾಯಿತಿ' ಎಂಬ ಸಾಲು ಕಾಣುವುದು ಆ ಹಳೆಯ ತೊಡಕಿನಿಂದ.

ಜಿಪಿಎಲ್ 3 ಮತ್ತು ಎಜಿಪಿಎಲ್ 3 ಒಂದಕ್ಕೊಂದು ಸೇರಬಹುದು, ಎರಡರ 13ನೇ ಕಲಂ ಅದಕ್ಕೇ ಇದೆ. ಸೇರಿದ ಮೇಲೆ ನೆಟ್‌ವರ್ಕ್ ಷರತ್ತು ಒಟ್ಟಿಗೆ ಅನ್ವಯಿಸುತ್ತದೆ.

ಹಂತ 5: ಜೋಡಣೆ ಎಂಥದ್ದು?

ಒಂದೇ ಫೈಲಿನಲ್ಲಿ ಅಂಟಿಸಿದರೆ ಚರ್ಚೆಯೇ ಇಲ್ಲ. ಲೈಬ್ರರಿಯಾಗಿ ಲಿಂಕ್ ಮಾಡಿದರೆ, ಸ್ಟ್ಯಾಟಿಕ್ (ಪ್ರೋಗ್ರಾಂ ಒಳಗೇ ಸೇರಿಸಿ) ಆಗಲಿ ಡೈನಾಮಿಕ್ (ಓಡುವಾಗ ಜೋಡಿಸಿ) ಆಗಲಿ, ಒಂದೇ ಪ್ರೋಗ್ರಾಂ ಆಗುತ್ತದೆ ಎನ್ನುವುದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ನಿಲುವು. ಒಪ್ಪದ ವಕೀಲರೂ ಇದ್ದಾರೆ. ಹೊಸದಾಗಿ ಶುರು ಮಾಡುವಾಗ ಈ ಕಟ್ಟುನಿಟ್ಟಿನ ನಿಲುವನ್ನೇ ಹಿಡಿಯುವುದು ಕ್ಷೇಮ. ಬೇರೆ ಪ್ರೋಗ್ರಾಂ ಆಗಿ ಓಡಿಸಿ, ಕಮಾಂಡ್ ಲೈನ್, ಪೈಪ್ ಅಥವಾ ಸಾಕೆಟ್ ಮೂಲಕ ಮಾತಾಡಿಸಿದರೆ ಸಾಮಾನ್ಯವಾಗಿ ಎರಡು ಬೇರೆ ಪ್ರೋಗ್ರಾಂಗಳೇ. ಆದರೆ ಒಳಗಿನ ಜಟಿಲ ಡೇಟಾ ರಚನೆಗಳನ್ನೆಲ್ಲ ಪೈಪಿನಲ್ಲಿ ಹರಿಸಿ, ನಮ್ಮದು ಬೇರೆ ಎಂದು ಹೇಳಿಕೊಳ್ಳುವುದು ಅಷ್ಟು ಗಟ್ಟಿ ವಾದವಲ್ಲ.

ಎಲ್‌ಜಿಪಿಎಲ್ ಲೈಬ್ರರಿಯನ್ನು ಬೇರೆ ಲೈಸೆನ್ಸಿನ ಪ್ರೋಗ್ರಾಂ ಬಳಸಬಹುದು. ಬಳಕೆದಾರರು ಆ ಲೈಬ್ರರಿಯ ಬದಲಿಗೆ ತಮ್ಮ ಪ್ರತಿ ಹಾಕಿಕೊಳ್ಳಲು ಆಗಬೇಕು, ಅದೇ ಮುಖ್ಯ ಷರತ್ತು. ಡೈನಾಮಿಕ್ ಲಿಂಕ್ ಮಾಡಿದರೆ ಇದು ತಾನಾಗಿಯೇ ಸಿಗುತ್ತದೆ.

ಹಂತ 6: ಹೊಂದಿತು, ಈಗ ತನ್ನಿ

ಸಾಧ್ಯವಾದರೆ ತಂದ ಕೋಡನ್ನು ಬೇರೆ ಫೈಲಿನಲ್ಲೇ ಇಡಿ. ಮೂಲದ ಕಾಪಿರೈಟ್ ಸಾಲನ್ನೂ ಲೈಸೆನ್ಸ್ ಸೂಚನೆಯನ್ನೂ ಮುಟ್ಟಬೇಡಿ. ನಿಮ್ಮ ಪ್ರಾಜೆಕ್ಟ್ ಜಿಪಿಎಲ್ ಆಗಿದ್ದರೂ ಒಳಗೆ ಬಂದ ಎಂಐಟಿ ಫೈಲಿನ ಎಂಐಟಿ ಸೂಚನೆ ಅಳಿಸುವ ಹಕ್ಕು ನಿಮಗಿಲ್ಲ. 2007ರಲ್ಲಿ ಓಪನ್‌ಬಿಎಸ್‌ಡಿಯಿಂದ ಬಂದ ವೈರ್‌ಲೆಸ್ ಡ್ರೈವರ್ ಕೋಡನ್ನು ಲಿನಕ್ಸ್‌ಗೆ ತರುವಾಗ ಪ್ಯಾಚ್ ಒಂದರಲ್ಲಿ ಹಳೆಯ ಸೂಚನೆ ತೆಗೆದು ಜಿಪಿಎಲ್ ಹಾಕಿದ್ದಕ್ಕೆ ಎರಡು ಸಮುದಾಯಗಳ ನಡುವೆ ದೊಡ್ಡ ಜಗಳವೇ ಆಯಿತು. ಹಗುರ ಲೈಸೆನ್ಸಿನ ಫೈಲುಗಳನ್ನು ಜಿಪಿಎಲ್ ಪ್ರಾಜೆಕ್ಟಿನಲ್ಲಿ ಇಡುವ ಕ್ರಮದ ಬಗ್ಗೆ ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರ್ ಅದೇ ವರ್ಷ ಒಂದು ಮಾರ್ಗಸೂಚಿ ಹೊರಡಿಸಿತು.

ಫೈಲಿನ ತಲೆಗೆ ಎಸ್‌ಪಿಡಿಎಕ್ಸ್ ಗುರುತಿನ ಸಾಲು, ಅಂದರೆ ಲೈಸೆನ್ಸಿನ ಪ್ರಮಾಣಿತ ಚುಟುಕು ಹೆಸರು, ಹಾಕಿ. ಮನುಷ್ಯರಿಗೂ ಯಂತ್ರಕ್ಕೂ ಒಂದೇ ಸಲಕ್ಕೆ ತಿಳಿಯುತ್ತದೆ. ಲೈಸೆನ್ಸಿನ ಪೂರ್ತಿ ಪಠ್ಯವನ್ನು ಲೈಸೆನ್ಸ್ ಫೋಲ್ಡರ್‌ನಲ್ಲಿ ಇಡಿ. ಅಪಾಚೆ 2.0 ಆಗಿದ್ದರೆ ಬದಲಿಸಿದ ಫೈಲಿನಲ್ಲಿ 'ಬದಲಿಸಿದ್ದೇವೆ' ಎಂದು ಬರೆಯಬೇಕು. ಮೂಲದಲ್ಲಿ ನೋಟಿಸ್ ಫೈಲ್ ಇದ್ದರೆ ಅದರಲ್ಲಿನ ಸಂಬಂಧಪಟ್ಟ ಸಾಲುಗಳನ್ನು ಮುಂದಕ್ಕೆ ಒಯ್ಯಬೇಕು. ಜಿಪಿಎಲ್ 2 ಬದಲಾವಣೆಯ ದಿನಾಂಕವನ್ನೂ ಕೇಳುತ್ತದೆ. ಬೈನರಿ ಹಂಚುವವರು ಎಂಐಟಿ, ಬಿಎಸ್‌ಡಿ ಸೂಚನೆಗಳನ್ನು ಮರೆಯುವುದು ಮಾಮೂಲು. ಆ್ಯಪ್‌ನ 'ಬಗ್ಗೆ' ಪುಟದಲ್ಲಾದರೂ ಅವು ಇರಲಿ.

ಕಮಿಟ್ ಸಂದೇಶದಲ್ಲಿ ಮೂಲದ ವಿಳಾಸ, ಕಮಿಟ್ ಸಂಖ್ಯೆ, ಆ ದಿನ ಇದ್ದ ಲೈಸೆನ್ಸ್ ಬರೆಯಿರಿ. ಎರಡು ಸಾಲಿನ ಕೆಲಸ. ತಂದ ಕೋಡನ್ನು ಬದಲಿಸದೆ ಮೊದಲ ಕಮಿಟ್, ನಿಮ್ಮ ತಿದ್ದುಪಡಿ ಎರಡನೇ ಕಮಿಟ್ ಮಾಡಿದರೆ ಇನ್ನೂ ಒಳ್ಳೆಯದು.

ಹಂತ 7: ಹೊಂದಲಿಲ್ಲ, ಈಗೇನು?

ಮೊದಲು ಕೇಳಿ ನೋಡಿ. ಆ ಕೋಡ್ ಒಬ್ಬರೇ ಬರೆದಿದ್ದರೆ ಒಂದು ಇಮೇಲ್‌ನಲ್ಲಿ ಕೆಲಸ ಮುಗಿಯಬಹುದು. ಯಾವ ಫೈಲ್, ಯಾವ ಲೈಸೆನ್ಸಿನಲ್ಲಿ ಬೇಕು ಎಂದು ನೇರವಾಗಿ ಬರೆಯಿರಿ, ಉತ್ತರ ಲಿಖಿತವಾಗಿ ಇರಲಿ. ಹಲವರು ಬರೆದಿದ್ದರೆ ಮೇಂಟೇನರ್ ಒಬ್ಬರು ಹೂಂ ಎಂದರೆ ಸಾಲದು, ಹಕ್ಕು ಇರುವ ಎಲ್ಲರೂ ಒಪ್ಪಬೇಕು. ವಿಡಿಯೋ ಪ್ಲೇಯರ್ ವಿಎಲ್‌ಸಿಯ ಎಂಜಿನ್ ಭಾಗವನ್ನು ಜಿಪಿಎಲ್‌ನಿಂದ ಎಲ್‌ಜಿಪಿಎಲ್‌ಗೆ ತರುವಾಗ ಹಳೆಯ ಕೊಡುಗೆದಾರರನ್ನು ಒಬ್ಬೊಬ್ಬರಾಗಿ ಹುಡುಕಿ ಕೇಳಬೇಕಾಯಿತು.

ಆಗದಿದ್ದರೆ, ಹಳೆಯ ಆವೃತ್ತಿ ಹಗುರ ಲೈಸೆನ್ಸಿನಲ್ಲಿ ಇತ್ತಾ ನೋಡಿ. ಅದೇ ಕೆಲಸ ಮಾಡುವ ಬೇರೆ ಲೈಬ್ರರಿ ಹುಡುಕಿ. ಅಥವಾ ಬೇರೆ ಪ್ರೋಗ್ರಾಂ ಆಗಿ ಇಟ್ಟು ಹೊರಗಿನಿಂದ ಕರೆಯಿರಿ. ಹೊಸದಾಗಿ ಬರೆಯುವುದಾದರೆ, ಮೂಲ ಕೋಡ್ ಓದಿದವರು ಅದು ಏನು ಮಾಡುತ್ತದೆ ಎಂಬ ವಿವರಣೆ ಮಾತ್ರ ಬರೆದುಕೊಡಲಿ. ಕೋಡ್ ನೋಡದ ಇನ್ನೊಬ್ಬರು ಅದನ್ನಿಟ್ಟುಕೊಂಡು ಬರೆಯಲಿ. ನಿಮ್ಮ ಲೈಸೆನ್ಸನ್ನೇ ಬದಲಿಸುವುದು ಕೊನೆಯ ದಾರಿ.

ಹಂತ 8: ಮುಂದೆಯೂ ಕಣ್ಣಿಡಿ

ಸ್ಕ್ಯಾನ್‌ಕೋಡ್, ಫಾಸಾಲಜಿ ಎಂಬ ಸಾಧನಗಳು ಪ್ರತಿ ಫೈಲಿನ ಲೈಸೆನ್ಸ್ ಸೂಚನೆ ಹುಡುಕಿ ಪಟ್ಟಿ ಕೊಡುತ್ತವೆ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಯುರೋಪ್‌ನ 'ರಿಯೂಸ್' ಸಾಧನ ಯಾವ ಫೈಲಿಗೆ ಸೂಚನೆ ಇಲ್ಲ ಎಂದು ಹೇಳುತ್ತದೆ. ರಸ್ಟ್‌ನಲ್ಲಿ 'ಕಾರ್ಗೋ ಡೆನಿ' ಒಪ್ಪದ ಲೈಸೆನ್ಸ್ ಬಂದರೆ ಬಿಲ್ಡ್ ನಿಲ್ಲಿಸುತ್ತದೆ. ಇಂಥದ್ದೊಂದನ್ನು ಸಿಐಗೆ (ತಾನಾಗಿ ಓಡುವ ಪರೀಕ್ಷೆಗಳಿಗೆ) ಹಾಕಿ, ಪ್ರತಿ ಪುಲ್ ರಿಕ್ವೆಸ್ಟ್ (ಕೋಡ್ ಸೇರಿಸುವ ಕೋರಿಕೆ) ಮೇಲೂ ಓಡಲಿ. ಕೋಡ್ ಕೊಡುವವರಿಂದ ಲಿನಕ್ಸ್ ಕರ್ನಲ್ ಮಾದರಿಯ ಸೈನ್ಡ್-ಆಫ್ ಸಾಲು ಕೇಳಿ. ಇದನ್ನು ಕೊಡಲು ನನಗೆ ಹಕ್ಕಿದೆ ಎಂದು ಅವರು ಅದರಲ್ಲಿ ಹೇಳುತ್ತಾರೆ. ಹೆಡರ್ ಅಳಿಸಿ ಅಂಟಿಸಿದ ಕೋಡಿನಲ್ಲಿ ಹುಡುಕಲು ಸೂಚನೆಯೇ ಇರುವುದಿಲ್ಲ. ಒಬ್ಬರ ಪ್ಯಾಚ್‌ನಲ್ಲಿ ಶೈಲಿ ಇದ್ದಕ್ಕಿದ್ದಂತೆ ಬದಲಾದರೆ, ಇದು ಎಲ್ಲಿಂದ ಬಂತು ಎಂದು ರಿವ್ಯೂ ಮಾಡುವವರೇ ಕೇಳಬೇಕು.